ಪಕ್ಕದ ಮನೆಯ ಸಮೋವಾದವರು ‘ವೈಟ್ ಸಂಡೇ’ ಊಟಕ್ಕೆ ಕರೆದಿದ್ದಾರೆ. ಏನು ಒಯ್ಯಬೇಕು, ಹೇಗೆ ನಡೆದುಕೊಳ್ಳಬೇಕು?

ಶಿರಸಿ ಸೊಸೆ, ಆಕ್ಲೆಂಡ್:

ಎಲ್ಲರಿಗೂ ನಮಸ್ಕಾರ. ನಾವು ಇರೋದು ದಕ್ಷಿಣ ಆಕ್ಲೆಂಡ್‌ನ ಪಾಪಟೋಯ್‌ಟೋಯ್‌ನಲ್ಲಿ. ಪಕ್ಕದ ಮನೆಯವರು ಸಮೋವಾದವರು, ಪೆಸಿಫಿಕ್ ಸಾಗರದ ಒಂದು ದ್ವೀಪದೇಶ ಅದು. ಅಜ್ಜಿ, ಅವರ ಇಬ್ಬರು ಮಕ್ಕಳ ಸಂಸಾರ, ಮೊಮ್ಮಕ್ಕಳು ಎಲ್ಲ ಸೇರಿ ಒಂದೇ ಮನೆಯಲ್ಲಿ ಹನ್ನೊಂದು ಜನ. ಅವರ ಮೊಮ್ಮಗಳೂ ನನ್ನ ಮಗಳೂ ಒಂದೇ ಕ್ಲಾಸು, ಇಬ್ಬರಿಗೂ ಏಳು ವರ್ಷ. ಶಾಲೆ ಬಿಟ್ಟ ಮೇಲೆ ಇಬ್ಬರೂ ಯಾರ ಮನೆಯಲ್ಲಿದ್ದಾರೆ ಅಂತ ಬೇಲಿ ಮೇಲಿಂದ ಕೂಗಿ ಕೇಳೋದು ನಮಗೆ ದಿನದ ರೂಢಿ.

ಅಕ್ಟೋಬರ್ ಎರಡನೇ ಭಾನುವಾರ ಅವರಿಗೆ ‘ವೈಟ್ ಸಂಡೇ’, ಮಕ್ಕಳ ಹಬ್ಬ. ಆ ಹುಡುಗಿ ಚರ್ಚಿನಲ್ಲಿ ಬೈಬಲ್ಲಿನ ಸಾಲುಗಳನ್ನು ಸಮೋವಾ ಭಾಷೆಯಲ್ಲಿ ಬಾಯಿಪಾಠ ಹೇಳಬೇಕು. ಒಂದು ತಿಂಗಳಿಂದ ನಮ್ಮ ಹಿತ್ತಲಲ್ಲೇ ಅಭ್ಯಾಸ. ಮೊನ್ನೆ ಅಜ್ಜಿ ತಾವೇ ಬಾಗಿಲಿಗೆ ಬಂದು, “ನಿಮ್ಮ ಮಗಳೂ ನಮ್ಮ ಮಕ್ಕಳ ಜೊತೆ ಕೂತು ಊಟ ಮಾಡಬೇಕು, ನೀವೆಲ್ಲರೂ ಬರಬೇಕು” ಅಂತ ಕರೆದು ಹೋದರು. ಬೇಡ ಅನ್ನೋ ಮನಸ್ಸು ನಮಗೆ ಯಾರಿಗೂ ಇಲ್ಲ. ಆದರೆ ಗೊತ್ತಿಲ್ಲದೆ ಏನಾದರೂ ತಪ್ಪು ಮಾಡಿ ಅವರ ಮನಸ್ಸು ನೋಯಿಸಬಾರದು ಅನ್ನೋದೇ ನನ್ನ ಚಿಂತೆ.

ನಾವು ಮಾಂಸ, ಮೀನು ತಿನ್ನೋದಿಲ್ಲ. ಅತ್ತೆ ಆಗಸ್ಟ್‌ನಲ್ಲಿ ಶಿರಸಿಯಿಂದ ಬಂದಿದ್ದಾರೆ, ಮೊಣಕಾಲು ನೋವು, ನೆಲದ ಮೇಲೆ ಕೂರೋದು ಕಷ್ಟ. ಹಬ್ಬಕ್ಕೆ ಎಲ್ಲರೂ ಬಿಳಿ ಉಡಬೇಕಂತೆ. ಚಿಕ್ಕ ಹುಡುಗಿಗೆ ಅಡಿಯಿಂದ ಮುಡಿವರೆಗೂ ಬಿಳಿ ಬಟ್ಟೆ ಅಂದಾಗ ಅತ್ತೆ ಸ್ವಲ್ಪ ಹಿಂಜರಿದರು. ಏನು ತೆಗೆದುಕೊಂಡು ಹೋಗೋದು ಅಂತಲೂ ತಿಳೀತಿಲ್ಲ.

ಇನ್ನೊಂದು ವಿಷಯ ಹೇಳಿಬಿಡ್ತೀನಿ. ಅಜ್ಜಿ ಎರಡು ಸಲ ಫಾಯಿಲ್‌ನಲ್ಲಿ ಸುತ್ತಿದ ಪೊಟ್ಟಣ ಕೊಟ್ಟಿದ್ದರು. ಬಿಚ್ಚಿದರೆ ಒಳಗೆ ಕಪ್ಪು ಹಸಿರಿನ ಎಲೆ, ತೆಂಗಿನಹಾಲಿನ ಘಮ. ಅತ್ತೆ ನೋಡಿದ ಕೂಡಲೇ “ಇದು ಕೆಸುವಿನ ಸೊಪ್ಪಲ್ಲವಾ!” ಅಂದರು. ಒಳಗೆ ಮಾಂಸ ಇದ್ದರೆ, ಗಂಟಲು ತುರಿಸಿದರೆ ಅಂತ ಹೆದರಿ ತಿನ್ನದೆ ಇಟ್ಟುಬಿಟ್ಟೆವು. ಮಾರನೇ ದಿನ ಅಜ್ಜಿ “ಹೇಗಿತ್ತು?” ಅಂತ ಕೇಳಿದಾಗ ಚೆನ್ನಾಗಿತ್ತು ಅಂದೆ. ಆ ಸುಳ್ಳು ಇನ್ನೂ ಚುಚ್ಚುತ್ತಿದೆ. ಸಮೋವಾ ಗೊತ್ತಿರೋರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಪುತ್ತೂರಿನ ಮೇಷ್ಟ್ರು:

ತಂಗೀ, ನಾನು 2009ರ ಆರಂಭದಿಂದ ಮೂರು ವರ್ಷ ಸಮೋವಾದ ಉಪೋಲು ದ್ವೀಪದ ಉತ್ತರ ತೀರದ ಒಂದು ಹಳ್ಳಿಯಲ್ಲಿ ಗಣಿತ ಕಲಿಸುತ್ತಿದ್ದೆ. ಒಂದು ಮತಾಯಿ ಕುಟುಂಬದ ಜೊತೆಗೇ ವಾಸ. ಮತಾಯಿ ಎಂದರೆ ಮನೆತನದ ಪಟ್ಟ ಹೊತ್ತ ಯಜಮಾನ. ಅಪ್ಪನಿಂದ ಮಗನಿಗೆ ತನ್ನಷ್ಟಕ್ಕೆ ಬರುವ ಪಟ್ಟವಲ್ಲ ಅದು, ಮನೆತನದವರೆಲ್ಲ ಕೂತು ಮಾತಾಡಿ ಒಪ್ಪಿ ಕೊಡುವಂಥದ್ದು. ನಾನೂ ಮಾಂಸ ತಿನ್ನುವವನಲ್ಲ. ಮೂರು ವರ್ಷದಲ್ಲಿ ಒಂದು ದಿನವೂ ಹಸಿದು ಮಲಗಲಿಲ್ಲ.

ಮೊದಲು ಆ ಪೊಟ್ಟಣದ ವಿಷಯ. ಅದರ ಹೆಸರು ಪಾಲುಸಾಮಿ. ಅತ್ತೆಯವರು ಸರಿಯಾಗಿಯೇ ಗುರುತಿಸಿದ್ದಾರೆ, ಅದು ನಮ್ಮ ಕೆಸುವೇ, ಪತ್ರೊಡೆ ಮಾಡುವ ಅದೇ ಗಿಡ. ಅಲ್ಲಿ ಅದಕ್ಕೆ ತಾಲೊ ಎನ್ನುತ್ತಾರೆ. ನಾವು ಹುಣಸೆಹುಳಿ ಹಾಕಿ ತುರಿಕೆ ತೆಗೆಯುತ್ತೇವೆ. ಅವರು ಎಳೆ ಎಲೆಯನ್ನೇ ಆರಿಸಿ, ದಂಟು ಮತ್ತು ದಪ್ಪ ನಾರು ತೆಗೆದು, ಬೆಣ್ಣೆಯ ಹಾಗೆ ಆಗುವವರೆಗೆ ಬೇಯಿಸುತ್ತಾರೆ. ಒಳಗಿರುವುದು ತೆಂಗಿನ ಗಟ್ಟಿಹಾಲು, ಈರುಳ್ಳಿ, ಉಪ್ಪು, ಅಷ್ಟೆ. ಕೆಲವು ಮನೆಗಳಲ್ಲಿ ಪಿಸುಪೋ ಸೇರಿಸುವುದುಂಟು. ಪಿಸುಪೋ ಅಂದರೆ ಡಬ್ಬಿಯ ಗೋಮಾಂಸ. ಹಿಂದೆ ಡಬ್ಬಿಯಲ್ಲಿ ಬಟಾಣಿ ಸೂಪು ಬರುತ್ತಿತ್ತು, ಆ ‘ಪೀ ಸೂಪ್’ ಅನ್ನುವ ಹೆಸರೇ ಆಮೇಲೆ ಡಬ್ಬಿಯ ಮಾಂಸಕ್ಕೆ ಅಂಟಿಕೊಂಡಿತು. “ಪಿಸುಪೋ ಇದೆಯಾ?” ಎಂದು ಕೇಳಿದರೆ ಅಜ್ಜಿಗೆ ತಕ್ಷಣ ಅರ್ಥವಾಗುತ್ತದೆ. ಇನ್ನು ಮುಂದೆ ಹೆದರಬೇಡಿ, ಬಿಸಿಯಿರುವಾಗಲೇ ತಿನ್ನಿ.

ಅದು ಎಂಥ ಉಡುಗೊರೆ ಅನ್ನುವುದನ್ನೂ ಹೇಳಬೇಕು. 1993ರಲ್ಲಿ ಸಮೋವಾದ ಕೆಸುವಿಗೆ ಎಲೆ ಕೊಳೆಯುವ ರೋಗ ಬಂತು. ನಮ್ಮ ಅಡಿಕೆಗೆ ಕೊಳೆರೋಗ ತರುತ್ತದಲ್ಲ, ಆ ಫೈಟಾಫ್ಥೊರಾ ಕುಲದ್ದೇ ಇದೂ. ಅದುವರೆಗೆ ಹೊರದೇಶಕ್ಕೆ ಹೋಗುವ ಮುಖ್ಯ ಬೆಳೆ ಅದೇ ಆಗಿತ್ತು. ನೋಡನೋಡುತ್ತಲೇ ಗದ್ದೆಗಳೆಲ್ಲ ನೆಲಕಚ್ಚಿದವು. ನಾನಿದ್ದ ಮನೆಯ ಹಿರಿಯಮ್ಮ ಆ ಕಾಲ ನೆನೆದಾಗಲೆಲ್ಲ ಅಂಗೈಯನ್ನು ಎಲೆಯಂತೆ ಬಿಡಿಸಿ, ನಡುವಿನಲ್ಲಿ ಬೆರಳಿಟ್ಟು, “ಇಲ್ಲಿ ಒಂದು ಚುಕ್ಕೆ, ನಾಲ್ಕು ದಿನಕ್ಕೆ ಎಲೆಯೇ ಇಲ್ಲ” ಎನ್ನುತ್ತಿದ್ದರು. ಜೀಗುಜ್ಜೆ (ದೀವಿ ಹಲಸು), ಬಾಳೆಕಾಯಿ ತಿಂದು ವರ್ಷಗಟ್ಟಲೆ ಕಳೆದರಂತೆ. ಆಮೇಲೆ ಆಲಾಫುವಾದಲ್ಲಿರುವ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದವರು ರೈತರ ಜೊತೆ ಸೇರಿ ರೋಗ ತಡೆಯುವ ತಳಿಗಳನ್ನು ಬೆಳೆಸಿದರು. ಹಾಗಾಗಿ ಆ ವಯಸ್ಸಿನ ಸಮೋವಾ ಹೆಂಗಸೊಬ್ಬರು ಕೆಸುವಿನೆಲೆಯ ಪೊಟ್ಟಣ ಕೊಟ್ಟರೆ, ಅದನ್ನು ಎರಡು ಕೈಯಲ್ಲಿ ತೆಗೆದುಕೊಳ್ಳಬೇಕು.

ಈಗ ಭಾನುವಾರದ ಊಟ. ಅದಕ್ಕೆ ತೊಓನಾಯಿ ಎನ್ನುತ್ತಾರೆ. ಹಳ್ಳಿಯಲ್ಲಿ ಇದರ ಕೆಲಸ ಶುರುವಾಗುವುದು ಬೆಳಗಿನ ಜಾವ, ಅದೂ ಗಂಡು ಹುಡುಗರಿಂದ. ಉಮು ಎಂದರೆ ಕಲ್ಲಿನ ಒಲೆ. ನ್ಯೂಜಿಲೆಂಡ್‌ನ ಮೂಲನಿವಾಸಿ ಮಾವೊರಿಗಳ ಹಾಂಗಿ ಎಂಬ ಒಲೆಯಂತೆ ನೆಲದಲ್ಲಿ ಗುಂಡಿ ತೋಡುವುದಿಲ್ಲ, ಇದು ನೆಲದ ಮೇಲೆಯೇ. ಕಟ್ಟಿಗೆಯ ಮೇಲೆ ಕರಿಕಲ್ಲುಗಳನ್ನು ಪೇರಿಸಿ ಬೆಂಕಿ ಹಾಕುತ್ತಾರೆ. ಕಟ್ಟಿಗೆ ಉರಿದು ಕಲ್ಲು ಕಾದ ಮೇಲೆ ತೆಂಗಿನ ಗರಿಯ ದಿಂಡಿನಿಂದ ಮಾಡಿದ ಇಕ್ಕಳದಲ್ಲಿ ಕೊಳ್ಳಿಗಳನ್ನು ಹೊರಗೆಳೆದು, ಕಲ್ಲು ಹರಡಿ, ಕೆಸುವಿನ ಗೆಡ್ಡೆ, ಜೀಗುಜ್ಜೆ, ಸಿಪ್ಪೆ ತೆಗೆದ ಬಾಳೆಕಾಯಿ, ಪಾಲುಸಾಮಿ, ಮೀನು, ಹಂದಿ ಎಲ್ಲವನ್ನೂ ಇಟ್ಟು ಬಾಳೆ ಎಲೆಗಳಿಂದ ಮುಚ್ಚುತ್ತಾರೆ.

ನಾನು ಮಾಡಬಲ್ಲ ಕೆಲಸ ತೆಂಗಿನಕಾಯಿ ಹೆರೆಯುವುದೊಂದೇ. ಅವರದ್ದೂ ನಮ್ಮ ಹೆರೆಮಣೆಯಂಥದ್ದೇ, ಅಡ್ಡ ಹಲಗೆ, ತುದಿಗೆ ಹಲ್ಲು ಕೊರೆದ ಕಬ್ಬಿಣ. ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು ನಾನು ಹೆರೆಯತೊಡಗಿದಾಗ, ಹದಿನೇಳು ವರ್ಷದ ಆ ಮನೆಯ ಹುಡುಗ ಬೆಂಕಿ ಬಿಟ್ಟು ಬಂದು ನನ್ನ ಕೈ ನೋಡುತ್ತಾ ನಿಂತ. ಮೇಷ್ಟ್ರಿಗೆ ಇದು ಗೊತ್ತಿದೆ ಅಂತ ಅವನಿಗೆ ನಂಬಿಕೆಯೇ ಬರಲಿಲ್ಲ. ತುರಿಯನ್ನು ಅವರು ಬಟ್ಟೆಯಲ್ಲಿ ಹಿಂಡುವುದಿಲ್ಲ. ಒಂದು ಹಿಡಿ ಮರದ ನಾರಿನ ನಡುವೆ ತುರಿ ತುಂಬಿ, ಎರಡೂ ತುದಿ ಹಿಡಿದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿದರೆ, ಒಂದು ತುಣುಕೂ ಬೀಳದೆ ಹಾಲು ಇಳಿಯುತ್ತದೆ. ಬೆಳಕು ಹರಿಯುವ ಹೊತ್ತಿಗೆ ಊರಿನ ಪ್ರತಿ ಮನೆಯ ಹಿಂದಿನಿಂದಲೂ ಹೊಗೆ ಎದ್ದು ತೆಂಗಿನ ತಲೆಗಳ ಮೇಲೆ ನಿಂತಿರುತ್ತದೆ. ಆ ಹೊಗೆಯ ವಾಸನೆ ಬಂದರೆ ಈಗಲೂ ನನಗೆ ಭಾನುವಾರವೇ.

ಚರ್ಚಿನಿಂದ ಬಂದ ಮೇಲೆ ಊಟ. ಯಾರು ಮೊದಲು ಉಣ್ಣುತ್ತಾರೆ ಅನ್ನುವುದು ಅಲ್ಲಿ ಬಹಳ ಮುಖ್ಯ. ಹಿರಿಯರು, ಅತಿಥಿಗಳು, ಪಾದ್ರಿ ಮೊದಲು. ಹುಡುಗರು ಬಡಿಸುತ್ತಾರೆ, ಪಕ್ಕದಲ್ಲಿ ಕೂತು ಬೀಸಣಿಗೆಯಿಂದ ನೊಣ ಓಡಿಸುತ್ತಾರೆ. ಊಟ ಮುಗಿದ ಮೇಲೆ ಒಬ್ಬ ಬೋಗುಣಿಯಲ್ಲಿ ನೀರು, ಹೆಗಲ ಮೇಲೆ ಟವೆಲ್ ಹಿಡಿದು ಪ್ರತಿಯೊಬ್ಬರ ಮುಂದೆ ಬಗ್ಗುತ್ತಾನೆ, ಕೂತಲ್ಲೇ ಕೈ ತೊಳೆಯಬೇಕು. ಹಿರಿಯರು ಎದ್ದ ಮೇಲೆ ಉಳಿದದ್ದನ್ನು ಹುಡುಗರು, ಮಕ್ಕಳು ಉಣ್ಣುತ್ತಾರೆ.

ಮೊದಲ ವಾರ ನಾನು ಇದನ್ನು ತಿಳಿಯದೆ ತಪ್ಪು ಮಾಡಿದೆ. ಊಟ ಮುಗಿಸಿ ನನ್ನ ತಟ್ಟೆ ನಾನೇ ಎತ್ತಿಕೊಂಡು ಅಡುಗೆ ಕೊಟ್ಟಿಗೆಯ ಕಡೆ ಹೊರಟೆ. ಒಳ್ಳೆಯ ನಡತೆ ಅಂದುಕೊಂಡೇ ಮಾಡಿದ್ದು. ಬಡಿಸುತ್ತಿದ್ದ ಹುಡುಗನ ಮುಖ ಬಾಡಿಹೋಯಿತು. ಎಲ್ಲರೂ ಸುಮ್ಮನಾದರು. ಆಮೇಲೆ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು ನಿಧಾನವಾಗಿ ತಿಳಿಸಿ ಹೇಳಿದರು. ‘ಒ ಲೆ ಅಲ ಇ ಲೆ ಪುಲೆ ಒ ಲೆ ತೌತುವಾ’ ಅಂತ ಅವರಲ್ಲೊಂದು ಗಾದೆ. ಅಧಿಕಾರಕ್ಕೆ ಹೋಗುವ ದಾರಿ ಸೇವೆ ಅಂತ ಅರ್ಥ. ಇವತ್ತು ತಟ್ಟೆ ಎತ್ತಿದ ಹುಡುಗನೇ ನಾಳೆ ಪಟ್ಟಕ್ಕೆ ಕೂರುವವನು. ಅವನ ಕೈಯಿಂದ ತಟ್ಟೆ ಕಿತ್ತುಕೊಂಡರೆ, ನಿನ್ನ ಸೇವೆ ಸಾಲದು ಅಂತ ಎಲ್ಲರೆದುರು ಹೇಳಿದ ಹಾಗೆ. ಆದ್ದರಿಂದ ತಂಗೀ, ನೀವು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಲ್ಲಬೇಡಿ. ಕೂತುಕೊಳ್ಳಿ, ಬಡಿಸಿಕೊಳ್ಳಿ, ಹೊಟ್ಟೆ ತುಂಬ ಉಣ್ಣಿ. ನಮ್ಮ ಹೆಂಗಸರಿಗೆ ಇದು ಕಷ್ಟ ಅಂತ ನನಗೆ ಗೊತ್ತು.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ವೈಟ್ ಸಂಡೇ ಏನೆಂದು ಆಗಲೇ ಅರ್ಥವಾಗುವುದು. ಅವರ ಮಾತಿನಲ್ಲಿ ಲೋತು ತಮಾಇತಿ. ವರ್ಷವಿಡೀ ಕೊನೆಗೆ ಉಣ್ಣುವ ಮಕ್ಕಳು ಆ ಒಂದು ದಿನ ಮೊದಲು ಕೂರುತ್ತಾರೆ. ಅಪ್ಪ, ಅಮ್ಮ, ಅಜ್ಜ, ಪಟ್ಟದ ಯಜಮಾನ ಎಲ್ಲರೂ ನಿಂತು ಬಡಿಸುತ್ತಾರೆ. ಬೆಳಿಗ್ಗೆ ಚರ್ಚಿನಲ್ಲಿಯೂ ಪ್ರಾರ್ಥನೆ ನಡೆಸುವವರು ಮಕ್ಕಳೇ: ಸಾಲು ಹೇಳುವುದು, ಹಾಡು, ಬೈಬಲ್ಲಿನ ಕಥೆಯ ಆಟ. ಮಾರನೇ ದಿನ ಸೋಮವಾರ ಇಡೀ ದೇಶಕ್ಕೆ ರಜೆ.

ನಾನು ಕಂಡ ಮೊದಲ ವೈಟ್ ಸಂಡೇ 2009ರ ಅಕ್ಟೋಬರ್ 11ರದ್ದು. ಅದಕ್ಕೆ ಹನ್ನೆರಡು ದಿನ ಮೊದಲು, ಸೆಪ್ಟೆಂಬರ್ 29ರ ಬೆಳಿಗ್ಗೆ, ಸುನಾಮಿ ಬಂದು ಉಪೋಲುವಿನ ದಕ್ಷಿಣ ತೀರದ ಊರುಗಳನ್ನು ಕೊಚ್ಚಿಕೊಂಡು ಹೋಗಿತ್ತು. ಸಮೋವಾದಲ್ಲಿ ಸತ್ತವರು 140ಕ್ಕೂ ಹೆಚ್ಚು, ಅದರಲ್ಲಿ ಮಕ್ಕಳೇ ಬಹಳ. ನಾವಿದ್ದ ಉತ್ತರ ತೀರಕ್ಕೆ ಏನೂ ಆಗಲಿಲ್ಲ. ಆದರೆ ಆ ಕಡೆಯ ನೆಂಟರ ಮನೆಯ ಇಬ್ಬರು ಮಕ್ಕಳು, ಅಣ್ಣ ತಂಗಿ, ನಮ್ಮ ಮನೆಗೆ ಬಂದಿದ್ದರು. ಬಂದವರನ್ನು ಯಾರೂ ‘ನೆಂಟರ ಮಕ್ಕಳು’ ಅನ್ನಲಿಲ್ಲ. ಅಲ್ಲಿ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳನ್ನೂ ಒಡಹುಟ್ಟಿದವರೆಂದೇ ಕರೆಯುವುದು ರೂಢಿ. ಬಂದ ದಿನವೇ ಚಾಪೆ ಹಾಸಿ, ಸೊಳ್ಳೆಪರದೆ ಕಟ್ಟಿ, ಅವರ ಜಾಗ ಆಯಿತು.

ಹಬ್ಬದ ಹಿಂದಿನ ರಾತ್ರಿ ಹಿರಿಯಮ್ಮ ದೀಪದ ಬಳಿ ಕೂತು ತಮ್ಮದೇ ಒಂದು ಬಿಳಿ ಅಂಗಿಯನ್ನು ಬಿಚ್ಚಿ ಆ ಪುಟ್ಟ ಹುಡುಗಿಗೆ ಹೊಲಿದರು. ತೋಳು ಉದ್ದವಾಯಿತು, ಎರಡು ಮಡಿಕೆ ಮಡಚಿ ಸೂಜಿ ಹಾಕಿದರು. ಮಾರನೇ ದಿನ ಆ ಮಗು ಚರ್ಚಿನಲ್ಲಿ ಸಾಲು ಹೇಳಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ. ಮನೆಗೆ ಬಂದ ಮೇಲೆ ಮಕ್ಕಳ ಸಾಲಿನ ತಲೆಯಲ್ಲಿ ಅವಳನ್ನೇ ಕೂರಿಸಿದರು. ಊರ ಸಭೆಯಲ್ಲಿ ಗಟ್ಟಿ ದನಿಯಲ್ಲಿ ಮಾತಾಡುವ ಯಜಮಾನರು ಅವಳ ಮುಂದೆ ಮಂಡಿಯೂರಿ, ಪಾಲುಸಾಮಿಯ ಎಲೆ ಬಿಡಿಸಿ, ಊದಿ ಆರಿಸಿ, ತಟ್ಟೆಗೆ ಹಾಕಿದರು. ಅವಳು ತಿಂದಳು. ಅವರು ಅಲ್ಲೇ ಕೂತು ಬೀಸಣಿಗೆ ಬೀಸುತ್ತಿದ್ದರು. ಇದನ್ನು ಬರೆಯುವಾಗ ಈಗಲೂ ನನ್ನ ಕಣ್ಣು ಮಂಜಾಗುತ್ತದೆ.

ನಿಮ್ಮ ಮಗಳನ್ನು ‘ನಮ್ಮ ಮಕ್ಕಳ ಜೊತೆ ಕೂರಬೇಕು’ ಎಂದು ಅಜ್ಜಿ ಕರೆದಿದ್ದಾರಲ್ಲ, ಅವರು ಕರೆದದ್ದು ಆ ಸಾಲಿಗೆ.

ಉಳಿದದ್ದು ಬೇಗ ಹೇಳುತ್ತೇನೆ. ಮಾಂಸ ತಿನ್ನುವುದಿಲ್ಲ ಅನ್ನುವುದನ್ನು ಆ ದಿನ ತಟ್ಟೆಯ ಮುಂದೆ ಹೇಳಬೇಡಿ, ಈ ವಾರವೇ ಅಜ್ಜಿಗೆ ಹೇಳಿ. ದೇವರ ಕಾರಣ ಅಂದರೆ ಮರುಮಾತಿಲ್ಲದೆ ಒಪ್ಪುತ್ತಾರೆ. ಧೈರ್ಯವಾಗಿ ಕೇಳಬಹುದಾದದ್ದು ಫಾಅಲಿಫು, ಅಂದರೆ ಕೆಸುವಿನ ಗೆಡ್ಡೆ ಅಥವಾ ಬಾಳೆಕಾಯಿಯನ್ನು ಬೇಯಿಸಿ ಈರುಳ್ಳಿ, ಉಪ್ಪು, ತೆಂಗಿನಹಾಲು ಹಾಕಿದ್ದು. ಪಪ್ಪಾಯಿ, ಸಾಬುದಾನಿ, ತೆಂಗಿನಹಾಲಿನ ಸೂಪೊ ಎಸಿ ಇರುತ್ತದೆ. ಕೋಕೊ ಅಲಾಯಿಸಾ ಎಂದರೆ ಹುರಿದು ಕುಟ್ಟಿದ ಕೋಕೊ ಬೀಜದಲ್ಲಿ ಬೇಯಿಸಿದ ಸಿಹಿ ಅನ್ನ, ಮಗಳಿಗೆ ಖಂಡಿತ ಇಷ್ಟವಾಗುತ್ತದೆ. ಸಾಪಾಸುಯಿ ಮಾತ್ರ ಬೇಡ. ಜರ್ಮನರ ಕಾಲದಲ್ಲಿ ಕೂಲಿಗೆ ಬಂದ ಚೀನೀಯರಿಂದ ಬಂದ ಶ್ಯಾವಿಗೆ ಅಡುಗೆ ಅದು, ಮಾಂಸ ಇದ್ದೇ ಇರುತ್ತದೆ.

ಕೂತವರ ಎದುರಿನಿಂದ ಹಾಯಬೇಕಾದರೆ ಸ್ವಲ್ಪ ಬಗ್ಗಿ, ಕೈ ಕೆಳಗೆ ಮಾಡಿ, “ತುಲೊಉ” ಅನ್ನಿ. ಚಪ್ಪಲಿ ಹೊರಗೆ ಬಿಡಿ, ಅದು ನಿಮಗೆ ಹೇಳಿಕೊಡಬೇಕಿಲ್ಲ. ಅತ್ತೆಯವರಿಗೆ ಕುರ್ಚಿ ತಾವಾಗಿಯೇ ತಂದು ಹಾಕುತ್ತಾರೆ. ನೆಲದಲ್ಲೇ ಕೂತರೆ ಕಾಲು ಯಾರ ಕಡೆಗೂ ಚಾಚಬಾರದು, ಚಾಚಲೇಬೇಕಾದರೆ ಮೇಲೊಂದು ಬಟ್ಟೆ ಹೊದ್ದುಕೊಂಡರೆ ಸರಿ. ಬಿಳಿ ಅಲ್ಲಿ ಶುಭದ ಬಣ್ಣ, ಮಾಮೂಲಿ ಭಾನುವಾರವೂ ಹೆಂಗಸರು ಬಿಳಿ ಉಟ್ಟೇ ಚರ್ಚಿಗೆ ಹೋಗುತ್ತಾರೆ. ಅತ್ತೆಯವರು ಬಣ್ಣದ ಅಂಚಿನ ಕೆನೆಬಣ್ಣದ ಸೀರೆ ಉಟ್ಟರೆ ಸಾಕು. ಮಗಳಿಗೆ ಬಿಳಿ ಲಂಗ ಹಾಕಿ ಕಿವಿಯ ಹಿಂದೆ ಒಂದು ಕೆಂಪು ದಾಸವಾಳ ಇಟ್ಟರೆ ಅತ್ತೆಯವರ ಮನಸ್ಸೂ ಹಗುರಾದೀತು, ಅಜ್ಜಿಗೂ ಸಂತೋಷ.

ಒಯ್ಯುವುದು ಏನೇ ಆಗಲಿ, ಡಬ್ಬಿಯಲ್ಲಲ್ಲ, ದೊಡ್ಡ ಪಾತ್ರೆಯಲ್ಲಿ ಒಯ್ಯಿರಿ. ಮತ್ತು ಪತ್ರೊಡೆಯನ್ನೇ ಒಯ್ಯಿರಿ.

ಧಾರವಾಡದಾಕಿ, ವೆಲ್ಲಿಂಗ್ಟನ್:

ಮೇಷ್ಟ್ರು ಬರದದ್ದು ಓದಿ ಸ್ವಲ್ಪ ಹೊತ್ತು ಸುಮ್ನ ಕೂತೆ. ನಾನೂ ಒಂದ್ ಮಾತು ಸೇರಸ್ತೀನ್ರಿ. ನಾ ಹನ್ನೆರಡು ವರ್ಷದಿಂದ ಇಲ್ಲಿ ನರ್ಸ್ ಕೆಲಸ ಮಾಡ್ತೀನಿ. ನನ್ನ ಜೋಡಿ ರಾತ್ರಿ ಪಾಳಿ ಮಾಡೋ ಗೆಳತಿ ಸಮೋವಾದಾಕಿ. ಆಕಿ ಬಾಯಾಗ ದಿನಕ್ಕೊಮ್ಮೆ ಬರೋ ಶಬ್ದ ‘ಫಾಅಲಾವೆಲಾವೆ’. ಮದುವಿ, ಸಾವು, ಪಟ್ಟ ಕಟ್ಟೋದು, ಚರ್ಚ್ ಕಟ್ಟೋದು, ಇಂಥಾ ಎಲ್ಲಾದಕ್ಕೂ ಮನೆತನದವ್ರು ಕೂಡಿ ರೊಕ್ಕ, ಸಾಮಾನು ಹಾಕಬೇಕು, ಅದಕ್ಕ ಆ ಹೆಸರು. ದಾರ ಗಂಟು ಬಿದ್ದು ಸಿಕ್ಕಾಗೋದಕ್ಕೂ ಅದೇ ಶಬ್ದದ ಬೇರು ಅಂತ. ಹೋದ ವರ್ಷ ಆಕಿ ಕಾಕಾ ತೀರಿಕೊಂಡಾಗ ಎರಡು ತಿಂಗಳ ಓವರ್‌ಟೈಮ್ ರೊಕ್ಕ ಪೂರಾ ಕಳಿಸಿದ್ಲು. ನನಗ ಸಿಟ್ಟು ಬಂತು. ನಿನ್ನ ಮಕ್ಕಳ ಫೀ ಯಾರು ಕಟ್ತಾರ ಅಂತ ಕೇಳಿಬಿಟ್ಟೆ.

ಈ ವರ್ಷ ಆಕಿ ತಾಯಿನೇ ಹೋದ್ರು. ನಾ ಮಣ್ಣಿಗೆ ಹೋಗಿದ್ದೆ. ಒಂದರ ಹಿಂದ ಒಂದು ವ್ಯಾನ್ ಬಂದ್ವು. ಡಬ್ಬಿ ಮೀನಿನ ರಟ್ಟಿನ ಪೆಟ್ಟಿಗಿ, ಲಕೋಟಿ, ಮತ್ತ ‘ಇಎ ತೋಂಗಾ’ ಅಂತಾರಲ್ಲ ಆ ನಯವಾದ ಚಾಪಿ. ನಮ್ಮ ಕರಾವಳಿ ಮಂದಿ ಮೂಡೆ ಕಟ್ತಾರಲ್ಲ, ಆ ಕೇದಗಿ ಜಾತಿ ಎಲಿನ ಸೀಳಿ ಸೀಳಿ ನೇಯ್ದದ್ದು, ಒಂದೊಂದಕ್ಕ ತಿಂಗಳಗಟ್ಟಲೆ ಕೆಲಸ. ಮುಟ್ಟಿ ನೋಡಿದ್ರ ಚಾಪಿ ಅನ್ಸಂಗಿಲ್ಲ, ಹಳೇ ರೇಶಿಮಿ ಅನ್ಸತದ. ಹೆಂಗಸ್ರು ಅದನ್ನ ಎರಡೂ ಕಡೆ ಹಿಡದು, ಬಿಡಿಸಿ, ಎಲ್ಲಾರಿಗೂ ತೋರಿಸ್ಕೋತ ಒಳಗ ತಂದ್ರು. ಆವತ್ತು ನನ್ನ ಗೆಳತಿ ಒಬ್ಬಂಟಿ ಆಗಿರಲಿಲ್ಲ. ನಾ ಹೋದ ವರ್ಷ ಆಡಿದ ಮಾತು ವಾಪಸ್ ತಗೊಂಡೆ, ಆಕಿಗೆ ಹೇಳಿಯೇ ತಗೊಂಡೆ. ಹಂಗಂತ ಭಾರ ಇಲ್ಲ ಅಂತಲ್ಲ. ಭಾರ ಅದ. ಇಲ್ಲೇ ಹುಟ್ಟಿದ ಹುಡುಗ್ರು ಅದರ ಬಗ್ಗೆ ಮನಿಯೊಳಗ ಜಗಳಾನೂ ಆಡ್ತಾರ.

ಆ ಚಾಪಿಗೆ ಇನ್ನೊಂದು ಕೆಲಸ ಅದ. ತಪ್ಪು ಮಾಡಿದವ್ರು ಅದನ್ನ ತಲಿ ಮ್ಯಾಲೆ ಹೊದ್ಕೊಂಡು ನೊಂದವರ ಮನಿ ಮುಂದ ಕೂಡ್ತಾರ. ಒಳಗಿನವ್ರು ಬಂದು ಚಾಪಿ ತಗದ್ರ ಕ್ಷಮಾ ಸಿಕ್ಕಂಗ. ‘ಇಫೋಂಗಾ’ ಅಂತಾರ. 1970ರ ದಶಕದಾಗ ಇಲ್ಲಿನ ಪೊಲೀಸರು ನಸುಕಿನ್ಯಾಗ ಪೆಸಿಫಿಕ್ ಮಂದಿ ಮನಿಗೆ ನುಗ್ಗಿ ವೀಸಾ ಕೇಳ್ತಿದ್ರಲ್ಲ, ಅದಕ್ಕ 2021ರ ಆಗಸ್ಟ್ 1ಕ್ಕ ಪ್ರಧಾನಿ ಜಸಿಂಡಾ ಆರ್ಡರ್ನ್ ಆಕ್ಲೆಂಡ್ ಟೌನ್ ಹಾಲ್‌ನಾಗ ಅಂಥಾದ್ದೇ ಚಾಪಿ ಕೆಳಗ ಕೂತು ಕ್ಷಮಾ ಕೇಳಿದ್ರು. ನಾ ಟಿವಿಯಾಗ ನೋಡಿದೆ. ಬಾಜೂ ಇದ್ದ ನನ್ನ ಗೆಳತಿ ಅಳಾಕತ್ತಿದ್ಲು.

ಶಿರಸಿ ಅಕ್ಕಾರ, ಪೊಟ್ಟಣದ ಸುಳ್ಳಿಗೆ ಚಾಪಿ ಬೇಕಾಗಿಲ್ಲ. ಅಜ್ಜಿಗೆ ಖರೆ ಹೇಳಿಬಿಡ್ರಿ. ಹೊಟ್ಟಿ ತುಂಬ ಊಟ ಮಾಡಿ ಬರ್ರಿ.

ಸಿಡ್ನಿ ಲೆಕ್ಕಿಗ:

ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು. ಪಕ್ಕದ ಮನೆಯವರು ತೋಂಗಾ ದೇಶದವರಾಗಿದ್ದರೆ ಇದನ್ನೆಲ್ಲ ಹಾಗೆಯೇ ಅನ್ವಯಿಸಬೇಡಿ. ನಾನು ಎರಡು ವರ್ಷ ಆ ದೇಶದ ರಾಜಧಾನಿ ನುಕುಅಲೋಫಾದಲ್ಲಿದ್ದೆ. ಅಲ್ಲಿ ಮಕ್ಕಳ ಭಾನುವಾರ ಬರುವುದು ಮೇ ತಿಂಗಳ ಮೊದಲ ಭಾನುವಾರ, ಹೆಸರು ಫಾಕಾಮೆ. ಕೆಸುವಿನೆಲೆಯ ಪೊಟ್ಟಣಕ್ಕೆ ಲೂ ಎನ್ನುತ್ತಾರೆ, ಅದರಲ್ಲಿ ಮಾಂಸ ಇರುವುದೇ ಹೆಚ್ಚು. ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು.

ನನಗೆ ಬಹಳ ಹಿಡಿಸಿದ್ದು ಅಲ್ಲಿ ಸೋದರತ್ತೆಗಿರುವ ಸ್ಥಾನ. ಮೆಹೆಕಿತಂಗಾ ಎನ್ನುತ್ತಾರೆ. ಅಪ್ಪನಿಗಿಂತ ಅಪ್ಪನ ಅಕ್ಕನ ಪದವಿ ಮೇಲು. ಮದುವೆಯಲ್ಲಿ, ಸಾವಿನಲ್ಲಿ ಆ ಕಡೆಯವರಿಗೇ ಮೊದಲ ಚಾಪೆ, ಮೊದಲ ಗೌರವ, ಅವರು ಹೇಳಿದ್ದಕ್ಕೆ ಎದುರು ಮಾತಿಲ್ಲ. ನನ್ನ ಆಫೀಸಿನ ಇಂಗ್ಲಿಷರಿಗೆ ಇದನ್ನು ವಿವರಿಸುವುದೇ ಕಷ್ಟವಾಗುತ್ತಿತ್ತು, ಅವರಿಗೆ ಎಲ್ಲರೂ ಆಂಟಿಯೇ. ಸೋದರತ್ತೆ ಬೇರೆ, ಚಿಕ್ಕಮ್ಮ ಬೇರೆ ಅನ್ನುವ ಕನ್ನಡದವನಿಗೆ ಒಂದೇ ಮಾತಿನಲ್ಲಿ ತಿಳಿಯಿತು.

ಪುತ್ತೂರಿನ ಮೇಷ್ಟ್ರು:

ಲೆಕ್ಕಿಗರ ಮಾತು ನಿಜ. ಸಮೋವಾದಲ್ಲಿಯೂ ಅಕ್ಕತಂಗಿಯರ ಮಾನ ದೊಡ್ಡದು. ಅಣ್ಣತಮ್ಮಂದಿರಿಗೂ ಅವರಿಗೂ ನಡುವೆ ಫೆಅಂಗಾಇಂಗಾ ಎಂಬ ಕಟ್ಟು ಇದೆ, ಅಂದರೆ ಮುರಿಯಬಾರದ ಒಡಂಬಡಿಕೆ. ಉಮುವಿನ ಹೊಗೆಯಲ್ಲಿ ಹುಡುಗರು ಕೆಮ್ಮುವಾಗ ಹುಡುಗಿಯರು ಮನೆಯೊಳಗೆ ಚಾಪೆ ನೇಯುತ್ತಿರುತ್ತಾರೆ. ಅಡುಗೆಯ ಭಾರದ ಕೆಲಸ ಗಂಡಸರದ್ದು ಅನ್ನುವುದರ ಹಿಂದೆ ಈ ಕಟ್ಟೂ ಇದೆ.

ಧಾರವಾಡದ ತಂಗಿ ದೂರದ ನೆಂಟರ ಮಾತೆತ್ತಿದ್ದಕ್ಕೆ ನೆನಪಾಯಿತು. 2011ರ ಡಿಸೆಂಬರ್ 30 ಸಮೋವಾದಲ್ಲಿ ಇರಲೇ ಇಲ್ಲ. ಗುರುವಾರ 29 ಮಲಗಿದವರು ಶನಿವಾರ 31ಕ್ಕೆ ಎದ್ದೆವು. ತಾರೀಖು ಬದಲಾಗುವ ದಿನರೇಖೆಯ ಈಚೆ ಬದಿಗೆ ದೇಶವನ್ನು ತಂದದ್ದು ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಜೊತೆಗಿನ ವ್ಯಾಪಾರಕ್ಕಾಗಿ. ಆದರೆ ನಮ್ಮ ಮನೆಯ ಹಿರಿಯಮ್ಮನಿಗೆ ಮುಖ್ಯವಾದದ್ದು ಬೇರೆ. ಅದುವರೆಗೆ ಸಮೋವಾದಲ್ಲಿ ಭಾನುವಾರವಾದರೆ ಆಕ್ಲೆಂಡ್‌ನಲ್ಲಿ ಸೋಮವಾರ, ಅಲ್ಲಿದ್ದ ಅವರ ಮಗಳು ಕೆಲಸಕ್ಕೆ ಹೋಗಿರುತ್ತಿದ್ದಳು. 2012ರ ಜನವರಿ 1ರ ಭಾನುವಾರ ಊಟಕ್ಕೆ ಕೂತಾಗ ಫೋನು ಬಂತು. ಏನು ಉಣ್ಣುತ್ತಿದ್ದೀಯಾ ಅಂತ ತಾಯಿ ಕೇಳಿದರು. ಅಲ್ಲಿಯೂ ಪಾಲುಸಾಮಿಯೇ.

ಶಿರಸಿ ಸೊಸೆ, ಆಕ್ಲೆಂಡ್:

ಹೋಗಿ ಬಂದೆವು. ಮೇಷ್ಟ್ರೇ, ಅಕ್ಕಾ, ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ.

ಮೊದಲು ಅಜ್ಜಿ ಹತ್ತಿರ ಹೋಗಿ ನಿಜ ಹೇಳಿದೆ, ಪೊಟ್ಟಣ ತಿಂದಿರಲಿಲ್ಲ, ಹೆದರಿದ್ದೆ ಅಂತ. ಅವರು ನನ್ನ ಕೆನ್ನೆ ತಟ್ಟಿ ಒಳಗೆ ಹೋಗಿ ಇನ್ನೊಂದು ತಂದು ಕೊಟ್ಟರು. ಅಲ್ಲೇ ನಿಂತು ತಿಂದೆ. ತುರಿಸಲಿಲ್ಲ. ಉಪ್ಪು, ತೆಂಗಿನ ಸಿಹಿ, ಸೊಪ್ಪಿನ ಆ ಮಣ್ಣಿನ ರುಚಿ, ಹೇಗೆ ಹೇಳಲಿ, ಮಳೆಗಾಲದ ಶಿರಸಿ ನೆನಪಾಯಿತು.

ಚರ್ಚಿನಲ್ಲಿ ಅವರ ಹುಡುಗಿ ತನ್ನ ಸಾಲುಗಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮನೆಗೆ ಬಂದ ಮೇಲೆ ಗರಾಜಿನಲ್ಲಿ ಚಾಪೆ ಹಾಸಿ ಮಕ್ಕಳನ್ನು ಸಾಲಾಗಿ ಕೂರಿಸಿದರು, ಹದಿನಾಲ್ಕು ಮಕ್ಕಳು, ನಡುವೆ ನನ್ನ ಮಗಳು, ಕಿವಿ ಹಿಂದೆ ದಾಸವಾಳ. ಅವಳಿಗೆ ಮನೆಯಲ್ಲಿ ತನ್ನಜ್ಜಿಗೆ ಬಡಿಸದೆ ಮುಟ್ಟಬಾರದು ಅಂತ ಅಭ್ಯಾಸ. ತಟ್ಟೆ ಮುಂದೆ ಬಂದರೂ ನನ್ನ ಅತ್ತೆಯ ಕಡೆ ನೋಡುತ್ತಾ ಕೂತಳು. ಅತ್ತೆ ಕುರ್ಚಿಯಿಂದ “ಉಣ್ಣು ಮಗಾ, ಇವತ್ತು ನಿಂದೇ ಮೊದಲು” ಅಂದಮೇಲೆ ಕೈ ಹಾಕಿದಳು. ಊಟ ಮುಗಿದಾಗ ಆ ಮನೆಯ ದೊಡ್ಡ ಮಗ, ಬಾಗಿಲು ತುಂಬುವಂಥ ಆಳು, ವಿಮಾನ ನಿಲ್ದಾಣದಲ್ಲಿ ಸಾಮಾನು ಎತ್ತುವ ಕೆಲಸ ಅವರದ್ದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬೋಗುಣಿ ಹಿಡಿದು ಬಂದರು. ನನ್ನ ಮಗಳ ಮುಂದೆ ಮಂಡಿಯೂರಿ ಕೂತರು. ಅವಳು ಎರಡೂ ಕೈ ನೀರಲ್ಲಿ ಅದ್ದಿದಳು. ಅವರೇ ಬೆರಳು ಬೆರಳು ಒರೆಸಿದರು. ಮೇಷ್ಟ್ರು ಬರೆದದ್ದನ್ನು ಓದಿರದಿದ್ದರೆ ನಾನು ಎದ್ದು ಹೋಗಿ ‘ಅಯ್ಯೋ ಬಿಡಿ, ನಾನು ತೊಳೆಸ್ತೀನಿ’ ಅಂದಿರುತ್ತಿದ್ದೆ. ಕೂತಲ್ಲೇ ಕೂತೆ.

ಪತ್ರೊಡೆ ದೊಡ್ಡ ಪಾತ್ರೆಯಲ್ಲೇ ಒಯ್ದಿದ್ದೆವು. ಅಜ್ಜಿ ಒಂದು ಹೋಳು ತೆಗೆದುಕೊಂಡು ಸುರುಳಿ ಬಿಚ್ಚಿ, ಎಲೆಯ ಪದರ ಬೆರಳಲ್ಲಿ ಹಿಡಿದು, “ತಾಲೊ?” ಅಂತ ಅತ್ತೆಯನ್ನು ಕೇಳಿದರು. ಅತ್ತೆ “ಕೆಸು” ಅಂದರು. ಅವರು “ಕೆಸು” ಅಂದರು, ಇವರು “ತಾಲೊ” ಅಂದರು. ಆಮೇಲೆ ಇಬ್ಬರೂ ಹಿತ್ತಲಿಗೆ ಹೋಗಿ ಗಿಡ ನೋಡುತ್ತಾ ಅರ್ಧ ಗಂಟೆ ನಿಂತಿದ್ದರು. ಒಬ್ಬರಿಗೆ ಇನ್ನೊಬ್ಬರ ಭಾಷೆ ಒಂದಕ್ಷರ ಬರೋದಿಲ್ಲ. ಬರುವಾಗ ಅತ್ತೆಯ ಕೈಯಲ್ಲಿ ಎಲೆಗಳ ಕಟ್ಟು, ನನ್ನ ಕೈಯಲ್ಲಿ ಖಾಲಿ ಮಾಡಿದ ಪಾತ್ರೆ ತುಂಬ ಕೋಕೊ ಅಲಾಯಿಸಾ.

ಮೇಷ್ಟ್ರೇ, ಅತ್ತೆ ಇವತ್ತು ತಾವೇ ಪಾಲುಸಾಮಿ ಮಾಡಲು ಹೊರಟಿದ್ದಾರೆ. ಎಲೆಯನ್ನು ಬಟ್ಟಲ ಹಾಗೆ ಹಿಡಿದು ಹಾಲು ಹಾಕಿದರೆ ಕೆಳಗೆ ಸೋರುತ್ತಿದೆ. ಎಷ್ಟು ಎಲೆ ಇಡಬೇಕು?

ಪುತ್ತೂರಿನ ಮೇಷ್ಟ್ರು:

ನಾಲ್ಕೈದು. ದೊಡ್ಡದು ಕೆಳಗೆ, ಎಳೆಯದು ಮೇಲೆ, ಒಂದರ ಸೀಳು ಇನ್ನೊಂದರ ಸೀಳಿನ ಮೇಲೆ ಬರದ ಹಾಗೆ ತಿರುಗಿಸಿ ಇಡಬೇಕು. ಹಾಲು ಹಾಕುವ ಮೊದಲು ಎಡಗೈಯ ಕುಳಿಯಲ್ಲಿ ಎಲೆಗಳನ್ನು ಚೆನ್ನಾಗಿ ಒತ್ತಿ ಕೂರಿಸಲು ಹೇಳಿ. ಹಾಲು ನೀರಾಗಿರಬಾರದು, ಮೊದಲ ಹಿಂಡಿದ್ದೇ ಬೇಕು. ಅಂಚು ಮಡಚಿದ ಮೇಲೆ ಬಾಳೆ ಎಲೆ ಸಿಕ್ಕರೆ ಬಾಡಿಸಿ ಸುತ್ತಿ, ಅದರ ಮೇಲೆ ಫಾಯಿಲ್. ಒಲೆಯಲ್ಲಿ ಒಂದು ಗಂಟೆಗೆ ಕಡಿಮೆ ಇಡಬೇಡಿ.